ಕಾಮರ್ಸ್ ಓದಿದವನು 29ರಲ್ಲಿ ಪೈಲಟ್ ಆಗಬಹುದೇ?

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ನಿಮಗೆ ದಾರಿ ಮುಚ್ಚಿಲ್ಲ. ಹನ್ನೆರಡನೇ ತರಗತಿಯ ಭೌತಶಾಸ್ತ್ರ ಮತ್ತು ಗಣಿತ ಬೇಕು, ನಿಜ. ಆದರೆ ಅವೆರಡನ್ನು ಮಾತ್ರ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಈಗಲೂ ಬರೆದು ಪಾಸಾಗಬಹುದು. ವಯಸ್ಸಿನ ಚಿಂತೆ ಬಿಡಿ, ವಿಮಾನ ಸಂಸ್ಥೆಗಳಲ್ಲಿ 65ರವರೆಗೂ ಹಾರಿಸಬಹುದು.

ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದದ್ದು ವೈದ್ಯಕೀಯ ಪರೀಕ್ಷೆ. ನನ್ನ ಸೋದರಮಾವನ ಮಗ ಎರಡು ಎಕರೆ ಭತ್ತದ ಗದ್ದೆ ಮಾರಿದ ಮೇಲೆ ಆ ಪರೀಕ್ಷೆಗೆ ಹೋದ. ವೈದ್ಯರು ತೋರಿಸಿದ ಹಾಳೆಯಲ್ಲಿ ಕೆಂಪು, ಹಸಿರು ಚುಕ್ಕೆಗಳ ನಡುವೆ ಅಡಗಿದ್ದ ಅಂಕಿ ಅವನಿಗೆ ಕಾಣಲೇ ಇಲ್ಲ. ಅಲ್ಲಿಯವರೆಗೆ ತನಗೆ ಬಣ್ಣಗುರುಡು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಮೊದಲು ಆರಂಭದ ಹಂತದ ಕ್ಲಾಸ್ 2, ಆಮೇಲೆ ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ ಕೈಗೆ ಬರಲಿ.

ಗಿರಣಿಯ ಕೆಲಸದ ಜೊತೆಗೇ ಹವಾಮಾನ, ನ್ಯಾವಿಗೇಷನ್ (ವಿಮಾನದ ದಾರಿ ಲೆಕ್ಕ ಹಾಕುವುದು), ವಾಯುಯಾನ ನಿಯಮಗಳ ಪರವಾನಗಿ ಪರೀಕ್ಷೆಗಳಿಗೆ ಓದಿಕೊಳ್ಳಿ. ಸಂಬಳ ನಿಲ್ಲದಿರುವುದೇ ದೊಡ್ಡ ಆಸರೆ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದಾದ ಮೇಲೆ ಏರ್‌ಬಸ್ ಅಥವಾ ಬೋಯಿಂಗ್ ಹಾರಿಸಲು ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೇ ಬೇಕಾದ ತರಬೇತಿ ಮತ್ತು ಅನುಮತಿ, ಪ್ರತ್ಯೇಕ. ಒಟ್ಟು ಖರ್ಚು ಅರ್ಧ ಕೋಟಿ ರೂಪಾಯಿ ದಾಟುವುದು ಸಾಮಾನ್ಯ. ಪೂರ್ತಿ ಶುಲ್ಕವನ್ನು ಮುಂಗಡವಾಗಿ ಕೇಳುವ ಶಾಲೆಗೆ ಒಪ್ಪಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತು ಕಟ್ಟಿ.