1862ರಲ್ಲಿ ಕೆಂಟಕಿಗೆ ನುಗ್ಗಿದ ದಕ್ಷಿಣದ ಸೇನೆ ಅಲ್ಲಿ ಯಾಕೆ ನೆಲೆಯೂರಲಿಲ್ಲ?

ಮುಖ್ಯವಾಗಿ, ಜನ ಅದರ ಜೊತೆ ಸೇರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೆಂಟಕಿ ಗಡಿ ರಾಜ್ಯ. ಗುಲಾಮಗಿರಿ ಇತ್ತು, ಆದರೂ ದಕ್ಷಿಣದ ರಾಜ್ಯಗಳ ಹಾಗೆ ಅದು ಒಕ್ಕೂಟ (ಉತ್ತರದ ಸರ್ಕಾರದ ಪಕ್ಷ) ಬಿಟ್ಟಿರಲಿಲ್ಲ. ತನ್ನ ಸೇನೆ ಕಂಡರೆ ಯುವಕರು ಸಾಲುಗಟ್ಟಿ ಬರುತ್ತಾರೆಂದು ನಂಬಿ ದಕ್ಷಿಣದ ಸೇನಾಪತಿ ಜನರಲ್ ಬ್ರಾಗ್ ಗಾಡಿಗಟ್ಟಲೆ ಬಂದೂಕು ತಂದಿದ್ದ. ಬಹುಪಾಲು ಹಾಗೇ ಉಳಿದವು. ಇವತ್ತು ಬಂದ ಸೇನೆ ನಾಳೆ ಹೊರಟುಹೋದರೆ, ಅದಕ್ಕೆ ಸೇರಿದವನ ಮನೆ, ಹೊಲದ ಗತಿಯೇನು? ಆ ಭಯ ನ್ಯಾಯವಾದದ್ದೇ. ಅಕ್ಟೋಬರ್ 4ರಂದು ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ ದಕ್ಷಿಣದವರು ತಮ್ಮ ಕಡೆಯ ರಿಚರ್ಡ್ ಹಾಸ್‌ರನ್ನು ಗವರ್ನರ್ ಪಟ್ಟಕ್ಕೆ ಕೂರಿಸಿದರು. ಒಕ್ಕೂಟದ ಪಡೆ ಹತ್ತಿರವಾದದ್ದರಿಂದ ಅದೇ ದಿನ ಊರು ಬಿಟ್ಟರು. 8ರಂದು ಪೆರಿವಿಲ್‌ನಲ್ಲಿ ಕದನ. ಅದು ಬರಗಾಲ, ಬತ್ತಿದ ಹಳ್ಳದ ಗುಂಡಿಗಳಲ್ಲಿ ನಿಂತ ನೀರಿಗಾಗಿಯೂ ಸೈನಿಕರು ಕಾದಾಡಿದರು. ಆಮೇಲೆ ಬ್ರಾಗ್ ಟೆನೆಸಿಗೆ ಹಿಂದಿರುಗಿದ.