ಪ್ರತಿಕ್ರಿಯೆ: ಮಾಸ್ಟೊಡಾನ್‌ನಲ್ಲಿ ಪೋಸ್ಟ್ ಯಾರೂ ಅಳಿಸಲ್ವಾ?

ಮೆಕ್ಕೆಜೋಳದ ರೇಟಿನ ಬಗ್ಗೆ ಬರೆದ ಪೋಸ್ಟ್ ಅಳಿಸಿಬಿಟ್ಟರು, ಮಾಸ್ಟೊಡಾನ್ ಅನ್ನೋ ಸೋಷಿಯಲ್ ಮೀಡಿಯಾಗೆ ಹೋದರೆ ಯಾರೂ ಮುಟ್ಟಲ್ವಾ ಅಂತ ಕೇಳಿದ್ದೀರಿ. ಅಳಿಸಬಹುದು. ಅದು ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳ ಜಾಲ; ಎಲ್ಲಕ್ಕೂ ಒಬ್ಬನೇ ಮಾಲೀಕ ಇಲ್ಲ, ಆದರೆ ಪ್ರತಿ ಸರ್ವರ್‌ಗೂ ಅದನ್ನು ನೋಡಿಕೊಳ್ಳುವ ಅಡ್ಮಿನ್ ಇರುತ್ತಾರೆ. ಅವರ ಮಾತೇ ಅಲ್ಲಿ ನಡೆಯುವುದು.

ನಾನಿದ್ದ ಸಣ್ಣ ಸರ್ವರ್ ಒಂದು ದಿನ ನಿಂತೇ ಹೋಯ್ತು. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ತೆಗೆದ ತೂಕದ ಚೀಟಿಗಳ ಫೋಟೊ, ಎರಡು ವರ್ಷದ್ದು, ಅದರ ಜೊತೆಗೇ ಹೋಯ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬೇರೆ ಸರ್ವರ್‌ಗೆ ಖಾತೆ ಬದಲಿಸಿದರೂ ಫಾಲೋವರ್‌ಗಳು ಬರುತ್ತಾರೆ, ಹಳೇ ಪೋಸ್ಟ್ ಬರಲ್ಲ. ಹಾಗಾಗಿ ಎಲ್ಲದರ ಕಾಪಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಗುಟ್ಟಿನ ಮಾತು ಅಲ್ಲಿನ ಖಾಸಗಿ ಮೆಸೇಜಿನಲ್ಲಿ ಬೇಡ, ಅಡ್ಮಿನ್ ಓದಬಹುದು. ಅದಕ್ಕೆ ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್ ಸಾಕು. ಅಂಥದ್ದೇ ಆ್ಯಪ್‌ಗಳಾದ ಎಲಿಮೆಂಟ್, ಬ್ರಯಾರ್ ಕೂಡ ಚೆನ್ನಾಗಿವೆ, ಆದರೆ 2023ರಲ್ಲಿ ಕೇಂದ್ರ ಸರ್ಕಾರ ತಡೆದ 14 ಆ್ಯಪ್‌ಗಳಲ್ಲಿ ಅವೂ ಇದ್ದವು.