ಬಲೂನು ಕುಗ್ಗಿತೆಂದರೆ ಟ್ಯಾಂಕ್ ಸೋರುತ್ತಿದೆ ಎಂದೇ ಅರ್ಥವೇ?

ಮನೆಯಲ್ಲೇ ಕಿಟ್ ವಿಮಾನ ಜೋಡಿಸುತ್ತಿರುವ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಈ ಸಲದವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವು.

ಪ್ರಶ್ನೆ: ನಮ್ಮದು ಎರಡು ಸೀಟಿನ ಅಲ್ಯೂಮಿನಿಯಂ ಕಿಟ್. ರೆಕ್ಕೆಯ ಪೆಟ್ರೋಲ್ ಟ್ಯಾಂಕ್ ಸುಮಾರು 70 ಲೀಟರಿನದು. ಸೀಲೆಂಟ್ ಹಚ್ಚಿ ಮುಚ್ಚಿದ ಮೇಲೆ ವೆಂಟ್ ಪೈಪಿಗೆ (ಗಾಳಿ ಆಡುವ ಪೈಪು) ಬಲೂನು ಕಟ್ಟಿ ಗಾಳಿ ತುಂಬಿದೆ. ಮಧ್ಯಾಹ್ನ ಬಿಗಿಯಾಗಿದ್ದ ಬಲೂನು ಬೆಳಗಾಗುವ ಹೊತ್ತಿಗೆ ಜೋತುಬಿದ್ದಿತ್ತು. ಸೋಪಿನ ನೀರು ಹಚ್ಚಿ ನೋಡಿದರೆ ಎಲ್ಲೂ ಗುಳ್ಳೆ ಇಲ್ಲ. ಟ್ಯಾಂಕ್ ಬಿಚ್ಚಬೇಕೇ? (ಶಿರಾ)

ಉತ್ತರ: ಸದ್ಯಕ್ಕೆ ಬಿಚ್ಚಬೇಡಿ. ನೀವು ಬರೆದಿರುವುದರಲ್ಲಿ ಸೋರಿಕೆಗೆ ಸಾಕ್ಷಿ ಯಾವುದೂ ಇಲ್ಲ, ಚಳಿಗೆ ಮಾತ್ರ ಇದೆ. ಶೀಟು ಹೊದಿಸಿದ ಶೆಡ್ಡಿನಲ್ಲಿ ಮಧ್ಯಾಹ್ನ 36 ಡಿಗ್ರಿ, ಬೆಳಗಿನ ಜಾವ 22 ಡಿಗ್ರಿ ಇತ್ತು ಎಂದುಕೊಳ್ಳಿ. 14 ಡಿಗ್ರಿ ಇಳಿದರೆ ಒಳಗಿನ ಗಾಳಿ ನೂರಕ್ಕೆ ನಾಲ್ಕೂವರೆ ಪಾಲು ಕುಗ್ಗುತ್ತದೆ. 70 ಲೀಟರಿಗೆ ಅದು ಮೂರು ಲೀಟರಿಗೂ ಹೆಚ್ಚು. 20 ಸೆಂ.ಮೀ. ಅಡ್ಡಳತೆಯ ಬಲೂನಿನಲ್ಲಿ ಇರುವುದೇ ನಾಲ್ಕು ಲೀಟರ್ ಗಾಳಿ. ಒಂದು ಹನಿ ಪೆಟ್ರೋಲೂ ಆಚೆ ಬಿಡದ ಟ್ಯಾಂಕಿನ ಬಲೂನೂ ಬೆಳಗ್ಗೆ ಹಾಗೆಯೇ ಜೋತುಬೀಳುತ್ತದೆ.

ಬಲೂನಿನ ಬದಲು ನೀರು ತುಂಬಿದ ಯು ಆಕಾರದ ಪೈಪು ಹಾಕಿದರೂ ಇದೇ ತೊಡಕು. ನಮ್ಮ ಎತ್ತರದಲ್ಲಿ ಉಷ್ಣತೆ ಒಂದು ಡಿಗ್ರಿ ಏರಿಳಿದರೆ ನೀರಿನ ಮಟ್ಟ ಸುಮಾರು 3.1 ಸೆಂ.ಮೀ. ಏರಿಳಿಯುತ್ತದೆ. ಇದರ ಜೊತೆಗೆ ಹೊರಗಿನ ವಾಯುಭಾರವೂ ದಿನಾ ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಅದರಿಂದಲೇ ಇನ್ನೂ ಮೂರು ಸೆಂ.ಮೀ. ವ್ಯತ್ಯಾಸ ಬಂದೀತು. ಇವೆರಡನ್ನೂ ಲೆಕ್ಕದಿಂದ ಕಳೆಯುತ್ತಾ ಕೂರುವುದಕ್ಕಿಂತ ಯು ಪೈಪಿನ ಇನ್ನೊಂದು ತುದಿಗೂ ಸೋರದ ಪಾತ್ರೆ ಸೇರಿಸಿ, ಎರಡೂ ಕಡೆ ಸಮನಾಗಿ ಹೊಡೆದುಹೋಗುವಂತೆ ಮಾಡುವುದು ಸುಲಭ. ಅದಕ್ಕೆ ಮನೆಯ ಪ್ರೆಷರ್ ಕುಕ್ಕರ್ ಸಾಕು.

ಮುಚ್ಚಳ ಹೊರಗಿನಿಂದ ಬಿಗಿಯುವ 5 ಲೀಟರ್ ಕುಕ್ಕರ್ ಆರಿಸಿಕೊಳ್ಳಿ. ಮುಚ್ಚಳ ಒಳಗಿನಿಂದ ಕೂರುವ ಮಾದರಿ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ವಿಷಲ್ ಕೂರುವ ನಳಿಗೆಗೆ ಪಾರದರ್ಶಕ ಪೈಪು ಬಿಗಿದು, ಊದಿ, ಪೈಪು ಮಡಚಿ ಹಿಡಿದು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಾರದಿದ್ದರೆ ಕುಕ್ಕರ್ ನಂಬಬಹುದು. ಈಗ ಯು ಪೈಪಿನ ಒಂದು ತುದಿಯನ್ನು ಟ್ಯಾಂಕಿಗೂ ಇನ್ನೊಂದನ್ನು ಕುಕ್ಕರಿಗೂ ಸೇರಿಸಿ. ಎರಡೂ ಕಡೆಯ ಪೈಪುಗಳ ನಡುವೆ ಒಂದು ಸಣ್ಣ ಕಾಕ್ (ತಿರುಗಿಸಿ ಮುಚ್ಚುವ ನಲ್ಲಿ) ಇರಲಿ. ಟ್ಯಾಂಕಿನ ಕಡೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಬಲೂನು ಕಟ್ಟಿ. ಕಾಕ್ ತೆರೆದಿಟ್ಟು ಸೈಕಲ್ ಪಂಪಿನಿಂದ ನಿಧಾನವಾಗಿ ಗಾಳಿ ಕೊಡಿ. ಬಲೂನು ಉಬ್ಬಿತೆಂದರೆ 20–30 ಸೆಂ.ಮೀ. ನೀರಿನಷ್ಟು ಒತ್ತಡ ಬಂದಿದೆ, ಅಷ್ಟು ಸಾಕು. ಬಲೂನಿನ ಕುತ್ತಿಗೆಗೆ ಕ್ಲಿಪ್ ಹಾಕಿ ಅದನ್ನು ಬೇರ್ಪಡಿಸಿ. ಒಂದು ಗಂಟೆ ಬಿಟ್ಟು ಕಾಕ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗುರುತು ಹಾಕಿ. ಟ್ಯಾಂಕ್, ಕುಕ್ಕರ್ ಎರಡರ ಮೇಲೂ ಒಂದೇ ಕಂಬಳಿ ಹೊದಿಸಿ. ಬಿಸಿಲು ಬಿದ್ದರೂ ಚಳಿ ಹಿಡಿದರೂ ಇಬ್ಬರಿಗೂ ಸಮವಾಗಿಯೇ. ಸೂರ್ಯ ಹುಟ್ಟುವ ಮುಂಚೆ ಐದೂವರೆ ಸುಮಾರಿಗೆ ಒಂದು ಓದು, ಮರುದಿನ ಅದೇ ಹೊತ್ತಿಗೆ ಇನ್ನೊಂದು. ಎರಡೂ ಒಂದು ಸೆಂ.ಮೀ. ಒಳಗೆ ಹೊಂದಿಕೊಂಡರೆ ಟ್ಯಾಂಕ್ ಗಟ್ಟಿ. ಟ್ಯಾಂಕಿನ ಕಡೆಯ ನೀರು ಮೇಲೇರುತ್ತಾ ಹೋದರೆ ಮಾತ್ರ ಸೋರಿಕೆ ಹುಡುಕಿ.

ಹುಡುಕುವುದಾದರೆ ಮೊದಲು ರಿವೆಟ್ ಸಾಲಿಗೆ ಹೋಗಬೇಡಿ. ಪೆಟ್ರೋಲ್ ಮುಚ್ಚಳದ ಒ-ರಿಂಗ್, ಫ್ಯುಯಲ್ ಸೆಂಡರ್ (ಪೆಟ್ರೋಲ್ ಮಟ್ಟ ಅಳೆಯುವ ಸಾಧನ) ಕೂರುವ ತಟ್ಟೆ, ಕೆಳಗಿನ ಡ್ರೇನ್, ನಿಮ್ಮದೇ ಪರೀಕ್ಷೆಯ ಪೈಪುಗಳ ಕೀಲು, ಈ ನಾಲ್ಕನ್ನು ಮೊದಲು ನೋಡಿ. ಇವು ಸರಿಯಿದ್ದು ಯಾವುದೋ ಒಂದು ರಿವೆಟ್ ಸುತ್ತ ಮಾತ್ರ ಸಣ್ಣ ಗುಳ್ಳೆ ಬಂದರೆ ಅಲ್ಲಿಗೆ ಲಾಕ್‌ಟೈಟ್ 290 (ತೆಳುವಾಗಿ ಹರಿಯುವ ಅಂಟು) ಒಂದು ಹನಿ ಬಿಟ್ಟು, ಟ್ಯಾಂಕಿನೊಳಗೆ ಬಾಯಿಯಿಂದ ಎಳೆದಷ್ಟೇ ಹಗುರವಾದ ನಿರ್ವಾತ ಮಾಡಿ. ಅದು ತಾನೇ ಸಂದಿಗೆ ಇಳಿಯುತ್ತದೆ. ತಗಡಿನ ಜೋಡಣೆಯೇ ಸೋರುತ್ತಿದ್ದರೆ ಹೊರಗಿನಿಂದ ಸೀಲೆಂಟ್ ಬಳಿಯುವುದು ವ್ಯರ್ಥ. ಒಳಗಿನ ಪೆಟ್ರೋಲ್ ಅದನ್ನು ಹೊರಕ್ಕೆ ತಳ್ಳಿ ಎಬ್ಬಿಸುತ್ತದೆ. ತಟ್ಟೆ ಬಿಚ್ಚಿ, ಒಳಗೆ ಉಜ್ಜಿ, ಎಂಇಕೆ ಎಂಬ ದ್ರಾವಕದಿಂದ ಒರೆಸಿ, ಒಳಗಿನಿಂದಲೇ ಹಚ್ಚಬೇಕು.

ಸೀಲೆಂಟಿನ ಎರಡು ಭಾಗಗಳನ್ನು ಕಲಸುವುದು ತೂಕದಲ್ಲಿ 10ಕ್ಕೆ 1. ಅಂದರೆ 50 ಗ್ರಾಂ ಬಿಳಿಗೆ 5 ಗ್ರಾಂ ಕಪ್ಪು (ಗಟ್ಟಿಯಾಗಿಸುವ ಭಾಗ). ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ, 0.1 ಗ್ರಾಂ ತೋರಿಸುವ ತಕ್ಕಡಿಯೇ ಬೇಕು, ಕಣ್ಣಂದಾಜು ನಡೆಯದು. ಬಿ-2 ಮಾದರಿಯ ಸೀಲೆಂಟ್ ಕಲಸಿದ ಮೇಲೆ ಕೆಲಸದ ಅವಧಿ 25 ಡಿಗ್ರಿಯಲ್ಲಿ ಎರಡು ಗಂಟೆ. ಪ್ರತಿ ಐದಾರು ಡಿಗ್ರಿ ಏರಿಕೆಗೆ ಅದು ಅರ್ಧವಾಗುತ್ತಾ ಹೋಗುತ್ತದೆ. ಶಿರಾದ ಬೇಸಿಗೆ ಮಧ್ಯಾಹ್ನ ನಿಮ್ಮ ಕೈಗೆ ಸಿಗುವುದು ಅರ್ಧ ಗಂಟೆ ಮಾತ್ರ. ಬೆಳಗ್ಗೆ ಆರಕ್ಕೆ ಕಲಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಂಪ್ರೆಸರ್ ಪೈಪನ್ನು ಯಾವ ಕಾರಣಕ್ಕೂ ಟ್ಯಾಂಕಿಗೆ ನೇರವಾಗಿ ಕೊಡಬೇಡಿ. 1 ಪಿಎಸ್ಐ (ಚದರ ಅಂಗುಲಕ್ಕೆ ಒಂದು ಪೌಂಡ್ ಒತ್ತಡ) ಎಂದರೆ 70 ಸೆಂ.ಮೀ. ನೀರು, ಕೇಳಲು ಅಲ್ಪ. ಆದರೆ 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತಗಡಿನ ಮೇಲೆ ಅದು 420 ಕೆ.ಜಿ. ಹೊರೆ. ಕಂಪ್ರೆಸರಿನಲ್ಲಿ ಇರುವುದು 90 ಪಿಎಸ್ಐ ಅಥವಾ ಅದಕ್ಕೂ ಹೆಚ್ಚು. ಉಬ್ಬಿದ ಟ್ಯಾಂಕ್ ಮತ್ತೆ ಸರಿಹೋಗುವುದಿಲ್ಲ.

ಪ್ರಶ್ನೆ: ಎಎನ್470ಎಡಿ4 ರಿವೆಟ್‌ಗಳ ಬಾಲ ಹೊಡೆಯುವಾಗ ಒಂದು ಕಡೆಗೆ ಮಡಚಿಕೊಳ್ಳುತ್ತಿದೆ. ತೆಗೆಯಲು ಹೋಗಿ ಎರಡು ತೂತು ಮೊಟ್ಟೆಯ ಆಕಾರಕ್ಕೆ ಬಂದಿವೆ. (ಬಂಗಾರಪೇಟೆ)

ಉತ್ತರ: ಬಾಲ ಮಡಚಲು ಸಾಮಾನ್ಯವಾಗಿ ಉದ್ದ ಹೆಚ್ಚಾದದ್ದೇ ಕಾರಣ. ಲೆಕ್ಕ ಹೀಗೆ: ಎರಡು ತಗಡಿನ ದಪ್ಪ, ಜೊತೆಗೆ ರಿವೆಟ್ ವ್ಯಾಸದ (ಎಡಿ4ಕ್ಕೆ 3.2 ಮಿ.ಮೀ.) ಒಂದೂವರೆ ಪಟ್ಟು. 0.8 ಮಿ.ಮೀ.ನ ಎರಡು ತಗಡಾದರೆ 1.6, ಅದಕ್ಕೆ 4.8 ಕೂಡಿ 6.4 ಮಿ.ಮೀ. ಅದು ಕಾಲು ಅಂಗುಲ, ಅಂದರೆ ಹದಿನಾರನೇ ಭಾಗದ ಲೆಕ್ಕದಲ್ಲಿ 4. ನಿಮಗೆ ಬೇಕಾದದ್ದು ಎಡಿ4-4. ಎಡಿ4-5 ಹಾಕಿದರೆ ಒಂದೂವರೆ ಮಿ.ಮೀ. ಹೆಚ್ಚಾಗಿ ಬಾಲ ಬಾಗುತ್ತದೆ. ಉದ್ದ ಸರಿಯಿದ್ದೂ ಬಾಗಿದರೆ ಬಕಿಂಗ್ ಬಾರ್ (ಹಿಂದೆ ಆನಿಸಿ ಹಿಡಿಯುವ ಉಕ್ಕಿನ ತುಂಡು) ನೇರವಾಗಿ ಕೂತಿಲ್ಲ. ಇಲ್ಲವೇ ರಿವೆಟ್ ಹೊಡೆಯುವ ಗನ್ನಿಗೆ ಗಾಳಿ ಸಾಲದು. ಸಾಲದೆ ಹೋದಾಗ ಹತ್ತಾರು ಸಣ್ಣ ಪೆಟ್ಟು ಬಿದ್ದು ರಿವೆಟ್ ಗಡುಸಾಗುತ್ತದೆ, ಆಮೇಲೆ ಎಷ್ಟು ಹೊಡೆದರೂ ಅಗಲವಾಗದು. 3ಎಕ್ಸ್ ಗನ್ನಿಗೆ ಈ ಅಳತೆಗೆ 40–50 ಪಿಎಸ್ಐ ಇಟ್ಟು, ರದ್ದಿ ತಗಡಿನ ಮೇಲೆ ಹತ್ತು ಹೊಡೆದು ನೋಡಿ. ಚಪ್ಪಟೆಯಾದ ತಲೆ 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. 1.6 ಮಿ.ಮೀ. ತಗಡಿನಲ್ಲಿ 4.2 ಮಿ.ಮೀ. ತೂತು ಕೊರೆದಿಟ್ಟುಕೊಂಡರೆ ಅದೇ ನಿಮ್ಮ ಗೇಜು. ತಲೆ ಆ ತೂತಿನೊಳಗೆ ಇಳಿದರೆ ಸಣ್ಣದಾಗಿದೆ ಎಂದು ತಿಳಿಯಿರಿ.

ತೆಗೆಯುವಾಗ ತಗಡಿನವರೆಗೆ ಕೊರೆಯಲೇಬಾರದು. ಕಾರ್ಖಾನೆಯ ತಲೆಯ ನಟ್ಟನಡುವೆ ಪಂಚ್ ಮಾಡಿ, ತಲೆಯ ಆಳದಷ್ಟು ಮಾತ್ರ, ಸುಮಾರು 1.4 ಮಿ.ಮೀ., ಕೊರೆಯಿರಿ. ಪಿನ್ ಪಂಚ್ ತೂರಿಸಿ ಓರೆಗೆ ಮೀಟಿದರೆ ತಲೆ ಟೊಪ್ಪಿಯಂತೆ ಕಳಚಿ ಬರುತ್ತದೆ. ಹಿಂದೆ ತೂತು ಇರುವ ಮರದ ತುಂಡು ಆನಿಸಿ, ಉಳಿದ ಕಡ್ಡಿಯನ್ನು ಮೆಲ್ಲಗೆ ತಟ್ಟಿ ಹೊರಡಿಸಿ. ಈಗಾಗಲೇ ಅಗಲವಾದ ಎರಡು ತೂತಿಗೆ ಮುಂದಿನ ಅಳತೆಯ ಎಡಿ5 ಹಾಕಬಹುದು, ಅಂಚಿನಿಂದ ತೂತಿನ ನಡುವಿಗೆ ಕನಿಷ್ಠ 8 ಮಿ.ಮೀ. ಇದ್ದರೆ. ಅಷ್ಟಿಲ್ಲದಿದ್ದರೆ ಅಳತೆ ಬರೆದು, ಫೋಟೋ ತೆಗೆದು ಕಿಟ್ ತಯಾರಕರ ಎಂಜಿನಿಯರಿಗೆ ಕಳಿಸಿ, ಉತ್ತರ ಬರುವವರೆಗೆ ಮುಟ್ಟಬೇಡಿ. ಹಾರ್ಡ್‌ವೇರ್ ಅಂಗಡಿಯ ಪಾಪ್ ರಿವೆಟ್ ಅಲ್ಲಿ ಸಲ್ಲದು. ಇನ್ನು ಕೂದಲೆಳೆಯಷ್ಟು ಓರೆಯಾದ ರಿವೆಟ್ ಕಂಡರೆ ತೆಗೆಯಲು ಧಾವಿಸಬೇಡಿ. ಗೇಜಿನಲ್ಲಿ ಪಾಸಾದರೆ ಹಾಗೇ ಬಿಡಿ. ಕೆಟ್ಟ ತೂತಿಗಿಂತ ಸ್ವಲ್ಪ ಸೊಟ್ಟ ರಿವೆಟ್ ಎಷ್ಟೋ ಮೇಲು.

ಪ್ರಶ್ನೆ: ತಗಡು ತೊಳೆದು ಒಣಗಿಸಿದರೆ ಬಿಳಿ ಕಲೆ ಉಳಿಯುತ್ತದೆ. ಪ್ರೈಮರ್ ಟೇಪಿನ ಜೊತೆ ಕಿತ್ತು ಬರುತ್ತಿದೆ. (ಶಿಡ್ಲಘಟ್ಟ)

ಉತ್ತರ: ಬೋರ್‌ವೆಲ್ ನೀರಿನ ಲವಣ ಅದು. ಚಿಕ್ಕಬಳ್ಳಾಪುರ, ಕೋಲಾರದ ಆಳದ ನೀರು ಗಡುಸು. ಸ್ಟೀಲ್ ಪಾತ್ರೆಯ ಮೇಲೆ ಕೂರುವ ಪುಡಿಯೇ ತಗಡಿನ ಮೇಲೂ ಕೂರುತ್ತದೆ. ಮೊದಲ ತೊಳೆತಕ್ಕೆ ಆ ನೀರು ಇರಲಿ. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಸ್ಪ್ರೇ ಬಾಟಲಿಯಲ್ಲಿ ಹಾಕಿಕೊಂಡರೆ ಒಂದು ಲೀಟರ್ ದೊಡ್ಡ ತಗಡಿಗೂ ಸಾಲುತ್ತದೆ. ಸಿಂಪಡಿಸಿದಾಗಲೇ ಪರೀಕ್ಷೆಯೂ ಆಗಿಹೋಗುತ್ತದೆ. ನೀರು ಅರ್ಧ ನಿಮಿಷ ಒಡೆಯದ ಪದರವಾಗಿ ನಿಂತರೆ ತಗಡು ಶುದ್ಧ. ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾದರೆ ಜಿಡ್ಡು ಉಳಿದಿದೆ, ಮತ್ತೆ ಉಜ್ಜಿ. ಸ್ಟೀಲ್ ಉಣ್ಣೆಯಿಂದ ಅಲ್ಲ, ಅದರ ಕಬ್ಬಿಣದ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಅಲ್ಲಿಂದಲೇ ತಿನ್ನತೊಡಗುತ್ತದೆ. ಕಂದುಗೆಂಪು ಸ್ಕಾಚ್‌ಬ್ರೈಟ್ ಸರಿ. ಒಣಗಿದ ದಿನವೇ ಪ್ರೈಮರ್ ಹೊಡೆಯಿರಿ, ಬರಿಗೈ ತಾಗಿಸಬೇಡಿ. ಮಂಜು ಮುಸುಕಿದ ಬೆಳಗ್ಗೆಯಾದರೆ ಬಿಸಿಲೇರುವವರೆಗೆ ತಡೆಯಿರಿ, ಕಂಪ್ರೆಸರ್ ಟ್ಯಾಂಕಿನ ನೀರನ್ನೂ ಮೊದಲು ಬಸಿದುಬಿಡಿ.

ಪ್ರಶ್ನೆ: ಕ್ಯಾನೊಪಿಯ (ಸೀಟಿನ ಮೇಲಿನ ಪಾರದರ್ಶಕ ಮುಚ್ಚಳ) ಅಕ್ರಿಲಿಕ್ ಹಾಳೆ ಸ್ಕ್ರೂ ತೂತಿನಿಂದ ಸೀಳಿತು. ಕೊರೆದಾಗ ಚೆನ್ನಾಗಿತ್ತು, ಒಂದು ತಿಂಗಳ ನಂತರ ಸೀಳಿದೆ. (ಮಾಲೂರು)

ಉತ್ತರ: ಕೊರೆದ ಬಿಟ್ ಹೇಗಿತ್ತು ಎಂಬುದಕ್ಕಿಂತ ತೂತು ಎಷ್ಟು ಬಿಗಿ ಎಂಬುದನ್ನು ಮೊದಲು ನೋಡಿ. ಬಿಸಿಲಿಗೆ ಅಕ್ರಿಲಿಕ್ ಅಲ್ಯೂಮಿನಿಯಂನ ಮೂರು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ 30 ಡಿಗ್ರಿ ಏರಿದರೆ ಅಕ್ರಿಲಿಕ್ 2.1 ಮಿ.ಮೀ., ಚೌಕಟ್ಟು 0.7 ಮಿ.ಮೀ. ಈ 1.4 ಮಿ.ಮೀ. ವ್ಯತ್ಯಾಸಕ್ಕೆ ತೂತಿನಲ್ಲಿ ಜಾಗ ಇಲ್ಲದಿದ್ದರೆ ಸ್ಕ್ರೂ ಒತ್ತಿ ಸೀಳುತ್ತದೆ. ಅಕ್ರಿಲಿಕ್‌ನ ತೂತು ಕಿಟ್ ನಕ್ಷೆ ಹೇಳಿದಷ್ಟು ದೊಡ್ಡದೇ ಇರಲಿ, ಸ್ಕ್ರೂ ಕೈಬೆರಳ ಬಿಗಿಗಿಂತ ತುಸು ಹೆಚ್ಚು ಸಾಕು. ತೂತಿನ ಅಂಚನ್ನು ನಯವಾದ ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ. ಒರಟು ಅಂಚಿನ ಗೀರಿನಿಂದಲೇ ಸೀಳು ಹುಟ್ಟುವುದು. ಕೊರೆಯುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ, ಚಳಿಗೆ ಅಕ್ರಿಲಿಕ್ ಪೆಡಸಾಗುತ್ತದೆ. ಲಾಕ್‌ಟೈಟ್, ಥಿನ್ನರ್, ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಇವು ಹತ್ತಿರ ಸುಳಿಯದಿರಲಿ. ಕೂದಲಿನಂಥ ಗೆರೆಗಳ ಜಾಲ ಹುಟ್ಟಿಸುತ್ತವೆ.

ಪ್ರಶ್ನೆ: ಎಎನ್3 ಬೋಲ್ಟ್ (ವಿಮಾನಕ್ಕೆಂದೇ ಮಾಡಿದ್ದು) ಒಂದು ಕಳೆದುಹೋಗಿದೆ. ಅದೇ ದಪ್ಪದ ಬೋಲ್ಟ್ ಇಲ್ಲಿಯ ಅಂಗಡಿಯಲ್ಲಿ ಸಿಗುತ್ತದೆ, ಹಾಕಬಹುದೇ? ಟಾರ್ಕ್ ಎಷ್ಟು? (ತುಮಕೂರು)

ಉತ್ತರ: ಬೇಡ. ದಪ್ಪ ಒಂದೇ ಇರಬಹುದು, ಉಕ್ಕು ಒಂದೇ ಅಲ್ಲ. ಎಎನ್ ಬೋಲ್ಟ್ 1,25,000 ಪಿಎಸ್ಐ ಎಳೆತ ತಾಳುವಂತೆ ಮಾಡಿದ್ದು, ಮರೆ (ಥ್ರೆಡ್) ಇಲ್ಲದ ನಯ ಭಾಗದ ಉದ್ದವೂ ಅಳೆದು ಮಾಡಿದ್ದು. ಮರೆ ಇರುವ ಭಾಗ ತಗಡಿನ ತೂತಿನೊಳಗೆ ಕೂತರೆ ತೂತನ್ನು ಅರದಂತೆ ತಿನ್ನುತ್ತದೆ. ತಯಾರಕರಿಂದಲೇ ತರಿಸಿ. ಟಾರ್ಕ್ 20–25 ಇಂಚ್-ಪೌಂಡ್, ನಮ್ಮ ರೆಂಚಿನಲ್ಲಿ 23–29 ಕೆ.ಜಿ.-ಸೆಂ.ಮೀ. ನೈಲಾನ್ ನಟ್ ಆದರೆ ಬಿಗಿಯಾಗುವ ಮೊದಲೇ ತಿರುಗಲು ಬೇಕಾಗುವ ಬಲವನ್ನು ಅಳೆದು ಅದಕ್ಕೆ ಕೂಡಿಸಿ. ಬೋಲ್ಟ್ ಹಿಡಿದಿಟ್ಟು ನಟ್ ತಿರುಗಿಸಿ. ಕೊನೆಗೆ ನಟ್‌ನಿಂದಾಚೆ ಒಂದು ಮರೆಯಾದರೂ ಕಾಣಬೇಕು. ಬಿಗಿದ ಮೇಲೆ ನಟ್, ಬೋಲ್ಟ್ ಎರಡಕ್ಕೂ ತಾಗುವಂತೆ ಬಣ್ಣದ ಗೆರೆ ಎಳೆದರೆ ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ರೊಟ್ಯಾಕ್ಸ್ 912 ಎಂಜಿನ್. ಊರಿನ ಬಂಕಿನ ಪೆಟ್ರೋಲ್ ಹಾಕಿ ಪರೀಕ್ಷಿಸಬಹುದೇ? (ಚಿಂತಾಮಣಿ)

ಉತ್ತರ: ರೊಟ್ಯಾಕ್ಸ್ ಒಪ್ಪುವುದು 10 ಶೇಕಡಾ ಎಥನಾಲ್‌ವರೆಗೆ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆತದ್ದು. ನೀವೇ ನೋಡಿಕೊಳ್ಳಬಹುದು: 100 ಮಿ.ಲೀ. ಅಳತೆ ಜಾಡಿಗೆ 10 ಮಿ.ಲೀ. ನೀರು, ಮೇಲೆ 100ರ ಗೆರೆಯವರೆಗೆ ಪೆಟ್ರೋಲ್. ಮುಚ್ಚಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ, 19ರ ಹತ್ತಿರ ಬಂದರೆ 10 ಶೇಕಡಾ, 28ಕ್ಕೆ ಏರಿದರೆ 20. ಬಯಲಿನಲ್ಲಿ ಮಾಡಿ, ಹತ್ತಿರ ಬೆಂಕಿ, ಸ್ವಿಚ್ ಏನೂ ಇರಬಾರದು. ಏವ್‌ಗ್ಯಾಸ್ 100ಎಲ್ಎಲ್ (ವಿಮಾನದ ಪೆಟ್ರೋಲ್) ಬಳಸಿದರೆ ಎಥನಾಲ್ ಚಿಂತೆ ಇಲ್ಲ, ಆದರೆ ಅದರಲ್ಲಿ ಸೀಸ ಇದೆ. ಹೆಚ್ಚಾಗಿ ಅದನ್ನೇ ಹಾಕುವುದಾದರೆ ಆಯಿಲ್ ಅನ್ನು 100 ಗಂಟೆಗೆ ಬದಲು 50 ಗಂಟೆಗೇ ಬದಲಿಸಿ. ಇ20 ಈಗಾಗಲೇ ಟ್ಯಾಂಕಿಗೆ ಬಿದ್ದಿದ್ದರೆ ಎಂಜಿನ್ ಚಾಲೂ ಮಾಡಬೇಡಿ. ಪೂರ್ತಿ ಬಸಿದು, ಗ್ಯಾಸ್ಕೊಲೇಟರಿನ (ಪೆಟ್ರೋಲಿನ ನೀರು, ಕಸ ತಡೆಯುವ ಸೋಸುಕ) ಬಟ್ಟಲನ್ನೂ ಬಿಚ್ಚಿ ಒರೆಸಿ, ರಬ್ಬರ್ ಪೈಪುಗಳನ್ನು ಬೆರಳಲ್ಲಿ ಹಿಚುಕಿ ನೋಡಿ. ಮೆತ್ತಗಾಗಿದ್ದರೆ ಅಥವಾ ಊದಿಕೊಂಡಿದ್ದರೆ ಪೈಪು ಬದಲಿಸಿದ ಮೇಲೆಯೇ ಮುಂದಿನ ಕೆಲಸ.